ಹುಳುಕು ಹಲ್ಲಿಗೆ ಬಿಳಿ ಸಿಮೆಂಟು

ಕೆಟ್ಟ ಹಲ್ಲನ್ನು ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ. ‘ಹಲ್ಲಿಗೆ ಹುಳ ಬಿದ್ದಿದೆ’ ಎಂಬ ಮಾತಂತೂ ಮನೆಮನೆಯಲ್ಲೂ ಕೇಳುತ್ತದೆ. ಹಿಂದೆ ಗುಳ್ಳದ ಜಾತಿಯ ಕಾಯಿಯ ಬೀಜವನ್ನು ಕೆಂಡಕ್ಕೆ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿಸಿ, ‘ನೋಡಿ, ಹುಳ ಉದುರಿತು’ ಎಂದು ತೋರಿಸುವವರಿದ್ದರು. ನೀರಿನಲ್ಲಿ ಕಾಣುತ್ತಿದ್ದ ಆ ಬಿಳಿ ಎಳೆಗಳು ಹುಳಗಳಲ್ಲ. ಬಿಸಿಗೆ ಸಿಡಿದ ಬೀಜದಿಂದ ಹೊರಬಿದ್ದ ಮೊಳಕೆಯ ಭಾಗಗಳು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಹಲ್ಲಿನ ಹುಳದ ನಂಬಿಕೆಯನ್ನು ಅಲ್ಲಗಳೆದಿದ್ದ. ಹಾಗಾದರೆ ಹಲ್ಲನ್ನು ತಿನ್ನುವುದು ಯಾವುದು?

ತಿನ್ನುವುದು ಆಮ್ಲ

ಇದಕ್ಕೆ ಸರಿಯಾದ ಉತ್ತರದ ದಾರಿ ತೋರಿದವನು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್, 1890ರಲ್ಲಿ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಹಲ್ಲಿಗಂಟಿದ ಸಕ್ಕರೆ, ಪಿಷ್ಟಗಳನ್ನು ಬಳಸಿಕೊಂಡು ಆಮ್ಲ ತಯಾರಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಲ್ಲಿನ ಹೊರಪದರ ಎನಾಮಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ಅದರ ತೂಕದಲ್ಲಿ ಸುಮಾರು ಶೇ. 96 ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಆದರೂ ಬಾಯಿಯ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಖನಿಜ ಕರಗತೊಡಗುತ್ತದೆ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಕೋಳಿಮೊಟ್ಟೆಯ ಚಿಪ್ಪಿನ ಚೂರನ್ನು ವಿನೆಗರ್‌ನಲ್ಲಿ ಹಾಕಿಡಿ. ಗುಳ್ಳೆಗಳೆದ್ದು, ಮಾರನೆಯ ದಿನಕ್ಕೆ ಚಿಪ್ಪು ಮೆತ್ತಗಾಗಿರುತ್ತದೆ. ಚಿಪ್ಪಿನದು ಬೇರೆ ಖನಿಜ, ಆದರೆ ತತ್ವ ಒಂದೇ.

ಅದೃಷ್ಟಕ್ಕೆ ನಮ್ಮ ಜೊಲ್ಲು ಈ ಆಮ್ಲವನ್ನು ತಟಸ್ಥಗೊಳಿಸಿ, ಕರಗಿದ ಖನಿಜವನ್ನು ಮೆಲ್ಲಗೆ ಹಿಂದಿರುಗಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ಸಿಹಿಯನ್ನು ಎಷ್ಟು ತಿಂದೆವು ಎನ್ನುವಷ್ಟೇ ಮುಖ್ಯ, ಎಷ್ಟು ಸಲ ತಿಂದೆವು ಎಂಬುದು. ಊಟದ ಜೊತೆ ಒಂದು ಜಿಲೇಬಿ ತಿಂದ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಪೆಪ್ಪರ್‌ಮೆಂಟು ಚೀಪುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ಬೂದು ಬಣ್ಣದ ಹಳೆಯ ಮಿಶ್ರಣ

ನಮ್ಮ ಹಿರಿಯರ ದವಡೆ ಹಲ್ಲುಗಳಲ್ಲಿ ಬೂದು ಬಣ್ಣದ ‘ಬೆಳ್ಳಿ ಸಿಮೆಂಟು’ ಕಾಣಬಹುದು. ಅದರ ಹೆಸರು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರಗಳ ಪುಡಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸ ಸೇರಿಸಿ ಕಲಸಿದ ಮಿಶ್ರಲೋಹ ಅದು. ಗಟ್ಟಿ, ಅಗ್ಗ, ಬಹುಕಾಲ ಬಾಳುವಂಥದು. ಆದರೆ ಹಲ್ಲಿಗೆ ತಾನಾಗಿ ಅಂಟದು. ಅದು ಬೀಳದಂತೆ ಕುಳಿಯನ್ನು ಒಳಗೆ ಅಗಲ, ಬಾಯಿ ಕಿರಿದಾಗುವಂತೆ ಕೊರೆಯಬೇಕು. ಅಂದರೆ ಚೆನ್ನಾಗಿರುವ ಹಲ್ಲನ್ನೂ ಸ್ವಲ್ಪ ಕಳೆದುಕೊಳ್ಳಬೇಕು.

ಪಾದರಸದಿಂದ ಪರಿಸರಕ್ಕಾಗುವ ಹಾನಿ ಇನ್ನೊಂದು ಕಾರಣ. ಜಪಾನಿನ ಮಿನಮಾಟಾ ದುರಂತದ ನೆನಪಿನಲ್ಲಿ ಹೆಸರಿಟ್ಟ 2013ರ ಅಂತರರಾಷ್ಟ್ರೀಯ ಒಪ್ಪಂದವು ಅಮಾಲ್ಗಮ್ ಬಳಕೆಯನ್ನು ತಗ್ಗಿಸಲು ಹೇಳಿತು. ಐರೋಪ್ಯ ಒಕ್ಕೂಟವು 2025ರ ಜನವರಿಯಿಂದ, ವೈದ್ಯಕೀಯವಾಗಿ ಅನಿವಾರ್ಯವಾದಾಗಲಷ್ಟೇ ಬಿಟ್ಟು, ಇದರ ಬಳಕೆಯನ್ನು ನಿಲ್ಲಿಸಿದೆ. ಹಾಗೆಂದು ಬಾಯಿಯಲ್ಲಿ ಭದ್ರವಾಗಿರುವ ಹಳೆಯ ಅಮಾಲ್ಗಮನ್ನು ಹೆದರಿ ಕೀಳಿಸುವ ಅಗತ್ಯವಿಲ್ಲ.

ಅಂಟಿಸುವ ವಿದ್ಯೆ

ಬಿಳಿ ಸಿಮೆಂಟಿನ ಕಥೆ ಆರಂಭವಾಗುವುದು 1955ರಲ್ಲಿ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಅಮೆರಿಕದ ಮೈಕೆಲ್ ಬುವನೊಕೋರ್ ಅದೇ ಉಪಾಯವನ್ನು ಹಲ್ಲಿನ ಮೇಲೆ ಮಾಡಿ ನೋಡಿದರು. ಆಮ್ಲ ತಾಗಿದ ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಗುಂಡಿಗಳಾದವು. ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾಗಿ ಕಚ್ಚಿಕೊಂಡಿತು. ಹಲ್ಲನ್ನು ಕೆಡಿಸುವ ಆಮ್ಲವೇ ಅಳತೆಯರಿತು ಬಳಸಿದಾಗ ಹಲ್ಲನ್ನು ಉಳಿಸುವ ಸಾಧನವಾಯಿತು!

ಮುಂದೆ 1962ರಲ್ಲಿ ರಫೇಲ್ ಬೋವೆನ್ ಇದಕ್ಕೆ ತಕ್ಕ ರಾಳವೊಂದಕ್ಕೆ ಪೇಟೆಂಟ್ ಪಡೆದರು. ಈ ರಾಳಕ್ಕೆ ನುಣ್ಣನೆಯ ಗಾಜು ಅಥವಾ ಸಿಲಿಕಾ ಪುಡಿ ಸೇರಿಸಿದರೆ ‘ಕಾಂಪೋಸಿಟ್’ ಸಿದ್ಧ. ಕಾಂಕ್ರೀಟಿನಲ್ಲಿ ಸಿಮೆಂಟು ಮತ್ತು ಜಲ್ಲಿ ಇದ್ದಂತೆ ಇಲ್ಲಿ ರಾಳ ಮತ್ತು ಗಾಜಿನ ಪುಡಿ. ಹಲ್ಲಿನ ಬಣ್ಣಕ್ಕೆ ಹೊಂದುವ ಹಲವು ಛಾಯೆಗಳಲ್ಲಿ ಇದು ದೊರೆಯುತ್ತದೆ.

ಕುರ್ಚಿಯಲ್ಲಿ ಕುಳಿತಾಗ

ವೈದ್ಯರು ಮೊದಲು ಕೊಳೆತ ಭಾಗವನ್ನು ತೆಗೆಯುತ್ತಾರೆ. ಕುಳಿ ಆಳವಾಗಿದ್ದರೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಬಳಿಕ ಹತ್ತಿಯಿಂದಲೋ ರಬ್ಬರ್ ಹಾಳೆಯಿಂದಲೋ ಜೊಲ್ಲು ತಾಗದಂತೆ ತಡೆದು, ಕೆಲವು ಸೆಕೆಂಡು ಆಮ್ಲದ ಲೇಪ ಹಚ್ಚಿ ತೊಳೆದು, ಅಂಟುದ್ರವ ಸವರುತ್ತಾರೆ. ಕಾಂಪೋಸಿಟನ್ನು ಸುಮಾರು 2 ಮಿ.ಮೀ. ದಪ್ಪದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸುತ್ತಾರೆ.

ಈ ಬೆಳಕೇಕೆ ನೀಲಿ? ರಾಳದಲ್ಲಿ ಸಾಮಾನ್ಯವಾಗಿ ಬೆರೆಸಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಆ ಶಕ್ತಿಯಿಂದ ಕ್ರಿಯೆ ಆರಂಭವಾಗಿ ಬಿಡಿ ಅಣುಗಳು ಸರಪಳಿಯಾಗಿ ಹೆಣೆದುಕೊಳ್ಳುತ್ತವೆ. ಮೆತ್ತನೆಯ ಲೇಪ ಸೆಕೆಂಡುಗಳಲ್ಲಿ ಕಲ್ಲಾಗುತ್ತದೆ. ದೀಪದ ಮುಂದಿನ ಕಿತ್ತಳೆ ಬಣ್ಣದ ತಡೆ, ಕಣ್ಣಿಗೆ ನೀಲಿ ಬೆಳಕು ತಾಗದಿರಲೆಂದು.

ಇದಕ್ಕೂ ಮಿತಿಗಳಿವೆ. ಗಟ್ಟಿಯಾಗುವಾಗ ರಾಳ ತುಸು ಕುಗ್ಗುತ್ತದೆ. ಪದರಪದರವಾಗಿ ತುಂಬಲು ಅದೂ ಒಂದು ಕಾರಣ. ತೇವ ತಾಗಿದರೆ ಅಂಟು ಸಡಿಲವಾಗಿ, ಅಂಚಿನಲ್ಲಿ ಮತ್ತೆ ಹುಳುಕು ಶುರುವಾಗಬಹುದು. ಸಮಯವೂ ಖರ್ಚೂ ಅಮಾಲ್ಗಮ್‌ಗಿಂತ ಹೆಚ್ಚು. ಬಾಯಿ ಒಣಗಿಸಿಡುವುದು ಕಷ್ಟವಾದ ಪುಟ್ಟ ಮಕ್ಕಳಿಗೆ ಗ್ಲಾಸ್ ಅಯನೋಮರ್ ಎಂಬ ಇನ್ನೊಂದು ಹಲ್ಲಿನ ಬಣ್ಣದ ಸಿಮೆಂಟಿದೆ. ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಇದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. ಆದರೆ ಕಾಂಪೋಸಿಟ್‌ನಷ್ಟು ಗಟ್ಟಿಯಲ್ಲ.

ತಂದೆತಾಯಿಗಳು ಮರೆಯುವ ಹಲ್ಲು

‘ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡಿ’ ಎನ್ನುವವರು ಬಹಳ. ಆದರೆ ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಅವು ಬೇಗ ಹೋದರೆ ಅಕ್ಕಪಕ್ಕದ ಹಲ್ಲುಗಳು ಸರಿದು, ಹೊಸ ಹಲ್ಲಿಗೆ ಜಾಗವಿಲ್ಲದೆ ಸೊಟ್ಟಗೆ ಬರುತ್ತವೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ದವಡೆಯ ಎರಡೂ ಕಡೆ ಹೊಸ ದವಡೆ ಹಲ್ಲು ಮೂಡುತ್ತದೆ. ಮೇಲೆ ಎರಡು, ಕೆಳಗೆ ಎರಡು. ಇವು ಜೀವನಪೂರ್ತಿ ಬೇಕಾದ ಶಾಶ್ವತ ಹಲ್ಲುಗಳು. ಹಾಲುಹಲ್ಲೆಂದು ತಪ್ಪು ತಿಳಿದು ಅಲಕ್ಷ್ಯ ಮಾಡಿದರೆ, ಹೈಸ್ಕೂಲು ಮುಟ್ಟುವ ಮೊದಲೇ ಮಗು ಅವನ್ನು ಕಳೆದುಕೊಳ್ಳಬಹುದು.

ನೋವು ಬರಲೆಂದು ಕಾಯುವುದೂ ತಪ್ಪು. ಎನಾಮಲ್‌ನಲ್ಲಿ ನರಗಳಿಲ್ಲ; ಹುಳುಕು ಒಳಗಿಳಿಯುವವರೆಗೆ ಹಲ್ಲು ದೂರು ಹೇಳುವುದಿಲ್ಲ. ಸೀಮೆಸುಣ್ಣದಂಥ ಬಿಳಿ ಮಚ್ಚೆಯ ಹಂತದಲ್ಲಿದ್ದರೆ ಫ್ಲೋರೈಡ್ ಪೇಸ್ಟು ಮತ್ತು ಶುಚಿತ್ವದಿಂದಲೇ ತಡೆಯಬಹುದು. ಕುಳಿಯಾದರೆ ಸಿಮೆಂಟು ಬೇಕು. ರಾತ್ರಿ ನಿದ್ದೆಗೆಡಿಸುವ ನೋವು ಬಂದ ಮೇಲೆ ಸಾಮಾನ್ಯವಾಗಿ ಉಳಿಯುವುದು ಬೇರುನಾಳದ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು. ಒಂದೊಂದು ಮೆಟ್ಟಿಲು ಇಳಿದಂತೆ ಖರ್ಚೂ ನೋವೂ ಏರುತ್ತವೆ.

ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿ ನೀರಿನ ಅತಿಯಾದ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಾಗುತ್ತವೆ. ಅದು ಹುಳುಕಲ್ಲ. ಅಂಥ ಊರಿನವರು ಪೇಸ್ಟಿನ ಬಗ್ಗೆ ವೈದ್ಯರನ್ನು ಕೇಳಿ ನಿರ್ಧರಿಸಲಿ.

ಸಿಮೆಂಟು ಹಾಕಿಸಿದ ದಿನ ಮರಗಟ್ಟಿದ ತುಟಿಯನ್ನು ಮಗು ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ. ಮಲಗುವ ಮುನ್ನ ಹಲ್ಲುಜ್ಜುವ ಅಭ್ಯಾಸ ತಪ್ಪದಿರಲಿ. ಇಂದೇ ಬೆಳಕಿನಲ್ಲಿ ನಿಮ್ಮ ಮಗುವಿನ ಬಾಯಿ ತೆರೆಸಿ, ಕಟ್ಟಕಡೆಯ ಹಲ್ಲನ್ನೊಮ್ಮೆ ನೋಡಿ. ಕಪ್ಪು ಗೆರೆ ಅಥವಾ ಕುಳಿ ಕಂಡರೆ ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದೂಡಬೇಡಿ.