ನೆಲದಡಿಯ ರೈಲು, ಮನೆಯೊಳಗಿನ ಮೊರೆತ

ಕೊಂಕಣ ರೈಲುಮಾರ್ಗವು 1998ರಲ್ಲಿ ಸಂಪೂರ್ಣವಾಗಿ ತೆರೆದಂದಿನಿಂದ ಭಟ್ಕಳ, ಹೊನ್ನಾವರ, ಕುಮಟಾ ಊರುಗಳ ಜನರಿಗೆ ರೈಲಿನ ಸದ್ದು ನಿತ್ಯದ ಅನುಭವವಾಗಿದೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕಟ್ಟಿರುವ, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಸೇತುವೆಯನ್ನು ಗಾಡಿಯು ದಾಟುವಾಗ ಏಳುವ ಗಡಗಡ ಶಬ್ದವು ಹೊಳೆಯ ದಡದವರಿಗೆಲ್ಲ ಕೇಳುತ್ತದೆ. ಈ ಶಬ್ದವನ್ನು ನಮ್ಮ ಕಿವಿಗೆ ತಂದು ಮುಟ್ಟಿಸುವುದು ಗಾಳಿ. ಆದರೆ ಹಳಿಗೆ ತೀರ ಸಮೀಪದ ಮನೆಯ ಜಗುಲಿಯ ಮೇಲೆ ಅಂಗೈಯೂರಿ ಕುಳಿತವರಿಗೆ ಇನ್ನೊಂದು ಸಂಗತಿಯೂ ಅನುಭವಕ್ಕೆ ಬರುತ್ತದೆ. ಗಾಡಿ ಹೋಗುವಾಗ ನೆಲವೂ ಸೂಕ್ಷ್ಮವಾಗಿ ನಡುಗುತ್ತದೆ. ಅಂದರೆ ರೈಲಿನ ಸುದ್ದಿಯನ್ನು ತರುವ ದೂತರು ಇಬ್ಬರು: ಒಬ್ಬ ಗಾಳಿ, ಇನ್ನೊಬ್ಬ ನೆಲ. ಬಯಲಿನಲ್ಲಿ ಓಡುವ ಗಾಡಿಯ ವಿಷಯದಲ್ಲಿ ಮೊದಲನೆಯವನ ಕೂಗಿನಲ್ಲಿ ಎರಡನೆಯವನ ಪಿಸುಮಾತು ಮುಚ್ಚಿಹೋಗುತ್ತದೆ.

ಗಾಡಿಯನ್ನೇ ನೆಲದೊಳಕ್ಕೆ ಇಳಿಸಿದರೆ ಏನಾದೀತು? ಗಾಳಿಯ ದಾರಿ ಮುಚ್ಚುತ್ತದೆ. ನೆಲದ ದಾರಿಯೊಂದೇ ಉಳಿಯುತ್ತದೆ. ಕೊಂಕಣ ಮಾರ್ಗದಲ್ಲಿಯೂ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆಯಾದರೂ ಅವು ಬಹುಮಟ್ಟಿಗೆ ಗುಡ್ಡಗಳನ್ನು ಕೊರೆದು ಮಾಡಿದವು. ಅವುಗಳ ನೆತ್ತಿಯ ಮೇಲೆ ಮಲಗುವವರು ವಿರಳ. ನಗರದ ಸುರಂಗದ ಮೇಲಾದರೋ ಮನೆಗಳಿವೆ, ಶಾಲೆಗಳಿವೆ, ಆಸ್ಪತ್ರೆಗಳಿವೆ. ಕರಾವಳಿಯ ಊರುಗಳಿಂದ ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಇಂಥ ಸುರಂಗವನ್ನು ಕಂಡೇ ಇರುತ್ತಾರೆ. ಅಲ್ಲಿಯ ಮೆಟ್ರೋ ರೈಲು 2016ರ ಏಪ್ರಿಲಿನಲ್ಲಿ ಕಬ್ಬನ್ ಪಾರ್ಕಿನಿಂದ ನಗರ ರೈಲು ನಿಲ್ದಾಣದ ಕಡೆಗೆ ನೆಲದಡಿಯಲ್ಲಿ ಸಂಚರಿಸತೊಡಗಿತು. 2017ರ ಜೂನಿನಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳ ಕೆಳಗೂ ಹಾದುಹೋಯಿತು. ಡೈರಿ ವೃತ್ತದಿಂದ ನಾಗವಾರದವರೆಗಿನ, 13 ಕಿಲೋಮೀಟರಿಗೂ ಮಿಕ್ಕಿದ ಇನ್ನೊಂದು ಸುರಂಗಮಾರ್ಗದ ಕೊರೆತವು 2024ರಲ್ಲಿ ಮುಗಿಯಿತು. ಇಂಥ ಮಾರ್ಗಗಳ ಮೇಲೆ ವಾಸಿಸುವವರ ನೆಮ್ಮದಿಯನ್ನು ವಿಜ್ಞಾನವು ಹೇಗೆ ಅಳೆದು ಕಾಯಬಲ್ಲದೆಂಬುದನ್ನು ಈಗ ವಿಚಾರಮಾಡೋಣ.

ಕಂಪನದ ಹುಟ್ಟು

ಹಳಿಯೂ ಚಕ್ರವೂ ಉಕ್ಕಿನವು. ಕಣ್ಣಿಗೆ ಅವು ನುಣುಪಾಗಿ ತೋರಿದರೂ ವಾಸ್ತವವಾಗಿ ಅವುಗಳ ಮೈಮೇಲೆ ಅತಿಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಕಡಲದಂಡೆಯ ಮರಳಿನ ಮೇಲೆ ಗಾಳಿಯು ಮೂಡಿಸುವ ಸಾಲುಗಳನ್ನು ನಾವು ನೋಡಿದ್ದೇವಷ್ಟೆ. ಬಹುಕಾಲ ಗಾಡಿಗಳು ಓಡಿದ ಹಳಿಯ ಮೇಲೆಯೂ ಹಾಗೆಯೇ ಕಿರಿದಾದ ಅಲೆಗಳ ಸಾಲು ಮೂಡುವುದುಂಟು. ಭಾರವಾದ ಚಕ್ರವು ಇವುಗಳ ಮೇಲೆ ಉರುಳುವಾಗ ಹಳಿಯನ್ನು ಲಯಬದ್ಧವಾಗಿ ತಟ್ಟುತ್ತದೆ. ಸೆಕೆಂಡಿಗೆ ಎಷ್ಟು ತಟ್ಟುಗಳೆಂಬುದನ್ನು ತಿಳಿಯುವುದು ಸುಲಭ. ಗಾಡಿಯ ವೇಗವನ್ನು ಅಲೆಯ ಉದ್ದದಿಂದ ಭಾಗಿಸಿದರಾಯಿತು. ಗಂಟೆಗೆ 72 ಕಿಲೋಮೀಟರೆಂದರೆ ಸೆಕೆಂಡಿಗೆ 20 ಮೀಟರು. ಅರ್ಧ ಮೀಟರು ಉದ್ದದ ಅಲೆಯ ಮೇಲೆ ಈ ವೇಗದಲ್ಲಿ ಹೋಗುವ ಚಕ್ರವು ಸೆಕೆಂಡಿಗೆ 40 ಕಂಪನಗಳನ್ನು, ಎಂದರೆ 40 ಹರ್ಟ್ಸ್ ಆವೃತ್ತಿಯ ಕಂಪನವನ್ನು ಹುಟ್ಟಿಸುತ್ತದೆ. ಅಲೆಯ ಉದ್ದವು 20 ಸೆಂಟಿಮೀಟರಾದರೆ ಆವೃತ್ತಿ 100 ಹರ್ಟ್ಸ್ ಆಗುತ್ತದೆ.

ಹಳಿಯಿಂದ ಈ ಕಂಪನವು ಹಾಸಿಗೆ, ಹಾಸಿನಿಂದ ಸುರಂಗದ ಗೋಡೆಗೆ, ಗೋಡೆಯಿಂದ ನೆಲಕ್ಕೆ ದಾಟುತ್ತದೆ. ಮುಂದಿನ ಪ್ರಯಾಣವು ನೆಲದ ಗುಣವನ್ನು ಅವಲಂಬಿಸಿದೆ. ಮೆತ್ತನೆಯ ಮಣ್ಣಿನಲ್ಲಿ ಅಡ್ಡ ಅಲೆಗಳ ವೇಗವು ಸೆಕೆಂಡಿಗೆ ಸುಮಾರು 200 ಮೀಟರಿರಬಹುದು. ಗಟ್ಟಿಬಂಡೆಯಲ್ಲಿ 2000 ಮೀಟರನ್ನೂ ಮೀರಬಹುದು. ಆದುದರಿಂದ 40 ಹರ್ಟ್ಸ್ ಕಂಪನದ ಒಂದು ಅಲೆ ಮಣ್ಣಿನಲ್ಲಿ 5 ಮೀಟರು, ಬಂಡೆಯಲ್ಲಿ 50 ಮೀಟರು ಉದ್ದವಾಗುತ್ತದೆ. ಪ್ರತಿಯೊಂದು ತೂಗಾಟದಲ್ಲಿಯೂ ಅಲೆಯು ತನ್ನ ಶಕ್ತಿಯ ಒಂದು ಪಾಲನ್ನು ಶಾಖರೂಪದಲ್ಲಿ ಕಳೆದುಕೊಳ್ಳುತ್ತದೆ. ಇಪ್ಪತ್ತು ಮೀಟರು ಸಾಗುವಷ್ಟರಲ್ಲಿ ಅದು ಮಣ್ಣಿನಲ್ಲಿ ನಾಲ್ಕು ಬಾರಿ ತೂಗಾಡಬೇಕು. ಬಂಡೆಯಲ್ಲಾದರೆ ಅರ್ಧ ತೂಗಾಟವೂ ಆಗುವುದಿಲ್ಲ. ಗಟ್ಟಿಬಂಡೆಯು ಕಂಪನವನ್ನು, ಅದರಲ್ಲಿಯೂ ಮೇಲಿನ ಆವೃತ್ತಿಗಳನ್ನು, ಹೆಚ್ಚು ಕಳೆಯದೆ ಸಾಗಿಸುವುದಕ್ಕೆ ಇದೇ ಕಾರಣ. ಬೆಂಗಳೂರಿನ ನೆಲದಲ್ಲಿ ಮೇಲೆ ಸವೆದ ಮಣ್ಣು, ನಡುವೆ ಗುಂಡುಕಲ್ಲುಗಳು, ಕೆಳಗೆ ಪ್ರಾಚೀನವಾದ ನೈಸ್ ಶಿಲೆ ಇವು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಬೆರೆತಿವೆ. ಹೊನ್ನಾವರದ ಹೊಳೆದಂಡೆಯ ಮೆಕ್ಕಲುಮಣ್ಣಿಗೂ ಭಟ್ಕಳದ ಚಿರೆಕಲ್ಲಿನ ನೆಲಕ್ಕೂ ಇರುವ ಅಂತರವನ್ನು ನೆನೆದರೆ, ಒಂದು ಊರಿನ ಅಳತೆಯನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದೆಂಬುದು ಮನದಟ್ಟಾಗುತ್ತದೆ.

ಮನೆಯೇ ವಾದ್ಯ

ತಂಬೂರಿಯ ತಂತಿಯನ್ನು ಬುರುಡೆಯಿಲ್ಲದೆ ಮೀಟಿದರೆ ಕ್ಷೀಣವಾದ ದನಿ ಮಾತ್ರ ಬರುತ್ತದೆ. ಬುರುಡೆಯು ಜೊತೆಗೂಡಿದಾಗ ನಾದ ತುಂಬಿಕೊಳ್ಳುತ್ತದೆ. ಸುರಂಗದ ಮೇಲಿನ ಮನೆಯೂ ಇಂಥದೊಂದು ಬುರುಡೆ. ತಳಪಾಯದಿಂದ ಏರಿಬಂದ ಕಂಪನವು ಗೋಡೆ, ತಾರಸಿ, ನೆಲಹಾಸುಗಳನ್ನು ನಡುಗಿಸುತ್ತದೆ; ಅವು ಕೋಣೆಯ ಗಾಳಿಯನ್ನು ತಳ್ಳುತ್ತವೆ; ದೂರದ ಗುಡುಗಿನಂಥ ಮಂದ್ರ ಮೊರೆತ ಕೇಳುತ್ತದೆ. ಇದಕ್ಕೆ ನೆಲವಾಹಕ ಶಬ್ದವೆನ್ನಬಹುದು. ಸುಮಾರು 16ರಿಂದ 250 ಹರ್ಟ್ಸ್‌ವರೆಗಿನ ಆವೃತ್ತಿಗಳು ಇದರಲ್ಲಿ ಪ್ರಧಾನವಾಗಿರುತ್ತವೆ. ಕಿಟಕಿ ಮುಚ್ಚಿದರೆ ಬೀದಿಯ ಸದ್ದು ತಗ್ಗುತ್ತದೆ, ಈ ಮೊರೆತವು ತಗ್ಗುವುದಿಲ್ಲ. ಬೀದಿಯು ಸುಮ್ಮನಾದುದರಿಂದ ಇನ್ನೂ ಸ್ಪಷ್ಟವಾಗಿ ಕೇಳಿಬರುತ್ತದೆ. ಎತ್ತಣಿಂದ ಬರುತ್ತಿದೆಯೆಂದು ತಿಳಿಯದ, ಕೆಲವು ನಿಮಿಷಗಳಿಗೊಮ್ಮೆ ಮರಳಿ ಬರುವ ಸದ್ದು ನಿದ್ರೆಗೆ ಶತ್ರು.

ಅಳತೆಯ ಕ್ರಮ

ಈ ಸೂಕ್ಷ್ಮ ಕಂಪನವನ್ನು ಅಳೆಯಲು ಎರಡು ಬಗೆಯ ಉಪಕರಣಗಳಿವೆ. ಜಿಯೋಫೋನಿನಲ್ಲಿ ಅಯಸ್ಕಾಂತವೊಂದರ ಬಳಿ ತಂತಿಯ ಸುರುಳಿಯು ಸ್ಪ್ರಿಂಗಿನಿಂದ ತೂಗುತ್ತಿರುತ್ತದೆ. ನೆಲದೊಡನೆ ಅಯಸ್ಕಾಂತವು ಅಲುಗಿದಾಗ ಸುರುಳಿಯು ತನ್ನ ಜಡತ್ವದಿಂದ ಹಿಂದುಳಿಯುತ್ತದೆ. ಫ್ಯಾರಡೆಯ ನಿಯಮದಂತೆ ಅದರಲ್ಲಿ ಕಂಪನದ ವೇಗಕ್ಕನುಗುಣವಾದ ವಿದ್ಯುತ್ತು ಹುಟ್ಟುತ್ತದೆ. ಇನ್ನೊಂದು, ವೇಗೋತ್ಕರ್ಷ ಮಾಪಕ. ಒತ್ತಿದರೆ ವಿದ್ಯುದಾವೇಶವನ್ನು ತೋರುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು; ಈ ಮಾಪಕದ ಒಂದು ಪ್ರಮುಖ ಬಗೆಯು ಆ ಗುಣದಿಂದಲೇ ಕೆಲಸಮಾಡುತ್ತದೆ.

ಉಪಕರಣವನ್ನು ಎಲ್ಲೋ ಒಂದು ಕಡೆ ಇಟ್ಟರೆ ಸಾಲದು. ಸುರಂಗದ ಗೋಡೆಯ ಮೇಲೊಂದು, ಮೇಲಿನ ನೆಲದಲ್ಲೊಂದು, ಮನೆಯ ತಳಪಾಯದಲ್ಲೊಂದು, ಕೋಣೆಯ ನೆಲದ ನಡುಭಾಗದಲ್ಲೊಂದು, ಹೀಗೆ ಸಾಲಾಗಿ ಇಟ್ಟಾಗಲೇ ಕಂಪನವು ಎಲ್ಲಿ ಕ್ಷೀಣಿಸಿತು, ಎಲ್ಲಿ ಬೆಳೆಯಿತು ಎಂಬುದು ಗೊತ್ತಾಗುತ್ತದೆ. ಕೋಣೆಯೊಳಗೆ ಮೈಕ್ರೋಫೋನೂ ಬೇಕು. ಒಂದೇ ಗಾಡಿಯಿಂದ ತೀರ್ಮಾನಕ್ಕೆ ಬರಲಾಗದು. ಹಲವು ಗಾಡಿಗಳು ಹಾದುಹೋಗುವ ವೇಳೆಯನ್ನು ಗುರುತಿಸಿ ದಾಖಲೆಯೊಡನೆ ಹೋಲಿಸಬೇಕು. ಬೀದಿಯ ಲಾರಿ, ನೆರೆಮನೆಯ ನೀರಿನ ಪಂಪು ಇವು ಮಾಡುವ ಕಂಪನವನ್ನು ರೈಲಿನ ಲೆಕ್ಕಕ್ಕೆ ಸೇರಿಸದಿರಲು ಇದೊಂದೇ ಉಪಾಯ.

ಮಿತಿಗಳು

ಮನುಷ್ಯನ ಮೈಯು ಅಚ್ಚರಿಗೊಳಿಸುವಷ್ಟು ಸೂಕ್ಷ್ಮವಾದ ಮಾಪಕ. ನೆಲದ ಕಂಪನವೇಗವು ಸೆಕೆಂಡಿಗೆ ಸುಮಾರು 0.1 ಮಿಲಿಮೀಟರಾದರೆ ಸಾಕು, ಅದು ನಮ್ಮ ಅನುಭವಕ್ಕೆ ಬರುತ್ತದೆ. ಆವೃತ್ತಿಯು 40 ಹರ್ಟ್ಸ್ ಆದಲ್ಲಿ ಆಗ ನೆಲವು ಅತ್ತಿತ್ತ ಸರಿಯುವ ದೂರವು ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ! ಆದರೆ ಕಟ್ಟಡಕ್ಕೆ ಹಾನಿಯ ಪ್ರಶ್ನೆಯೇ ಬೇರೆ. ಜರ್ಮನಿಯ ಮಾನದಂಡವು ಸೂಕ್ಷ್ಮವಾದ ಪುರಾತನ ಕಟ್ಟಡಗಳ ತಳಪಾಯಕ್ಕೂ ಕೆಳ ಆವೃತ್ತಿಗಳಲ್ಲಿ ಸೆಕೆಂಡಿಗೆ 3 ಮಿಲಿಮೀಟರಿನ ಮಿತಿಯನ್ನು ಹೇಳುತ್ತದೆ. ಎಂದರೆ, ನಡುಕ ತಿಳಿಯುವುದಕ್ಕೂ ಗೋಡೆ ಬಿರಿಯುವ ಶಂಕೆಗೂ ನಡುವೆ ಸುಮಾರು ಮೂವತ್ತು ಪಟ್ಟು ಅಂತರವಿದೆ. ನಡುಕ ತಿಳಿದೊಡನೆ ಮನೆ ಬೀಳುವುದೆಂದು ಹೆದರಬೇಕಾದುದಿಲ್ಲ. ಮನೆ ಬೀಳುವುದಿಲ್ಲವೆಂದಮಾತ್ರಕ್ಕೆ ನಿವಾಸಿಯ ದೂರು ಸುಳ್ಳೂ ಅಲ್ಲ. ರೈಲುಗಳ ಸಂಚಾರ ಹೆಚ್ಚಾಗಿರುವೆಡೆ ವಾಸದ ಕೋಣೆಯಲ್ಲಿ ನೆಲವಾಹಕ ಶಬ್ದಕ್ಕೆ ಅಮೆರಿಕದ ಸಾರಿಗೆ ಆಡಳಿತವು 35 ಡೆಸಿಬೆಲ್‌ಗಳ ಮಿತಿಯನ್ನು ಸೂಚಿಸಿದೆ. ಈ ವಿಷಯವನ್ನು ಕುರಿತ ಅಂತರರಾಷ್ಟ್ರೀಯ ಮಾನದಂಡದ ಮೊದಲ ಭಾಗವು 2005ರಲ್ಲಿಯೂ, ನಮ್ಮ ದೇಶದ ಮೆಟ್ರೋಗಳಿಗಾಗಿ ರೈಲ್ವೆಯ ಸಂಶೋಧನ ಸಂಸ್ಥೆಯ ಮಾರ್ಗದರ್ಶಿಯು 2015ರಲ್ಲಿಯೂ ಪ್ರಕಟವಾದುವು.

ಪರಿಹಾರ

ಅಳತೆಯು ರೋಗವನ್ನು ತೋರಿಸಿದರೆ ಚಿಕಿತ್ಸೆಯೂ ಇದೆ. ಆವೃತ್ತಿಯಿಂದ ಅಲೆಯ ಉದ್ದವನ್ನು ಲೆಕ್ಕಹಾಕಿ, ದೋಷವು ಹಳಿಯ ಸವೆತದ್ದೆಂದು ಕಂಡರೆ ಹಳಿಯನ್ನು ಉಜ್ಜಿ ನುಣುಪುಮಾಡುತ್ತಾರೆ. ಹಳಿಯ ಕೆಳಗೆ ರಬ್ಬರಿನ ಮೆತ್ತೆಗಳನ್ನು ಇಡುವುದುಂಟು. ಇದಕ್ಕಿಂತ ಪ್ರಬಲವಾದುದು ತೇಲುವ ಹಾಸು. ಹಳಿಗಳನ್ನು ಹೊತ್ತ ಕಾಂಕ್ರೀಟಿನ ಭಾರಿ ಹಾಸನ್ನೇ ಸ್ಪ್ರಿಂಗುಗಳ ಅಥವಾ ರಬ್ಬರಿನ ಮೇಲೆ ನಿಲ್ಲಿಸುವ ಕ್ರಮವಿದು. ಸ್ಪ್ರಿಂಗುಗಳು ಭಾರದಿಂದ ಎರಡೂವರೆ ಮಿಲಿಮೀಟರು ಕುಗ್ಗಿದರೆ ಈ ವ್ಯವಸ್ಥೆಯ ಸಹಜ ಆವೃತ್ತಿ ಸುಮಾರು 10 ಹರ್ಟ್ಸ್ ಆಗುತ್ತದೆ. ಅದರ 1.4 ಪಟ್ಟು, ಎಂದರೆ 14 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಷ್ಟೆ ತಗ್ಗುತ್ತವೆ. ಆದರ್ಶ ಸ್ಥಿತಿಯಲ್ಲಿ 40 ಹರ್ಟ್ಸ್ ಕಂಪನದ ಹದಿನೈದರಲ್ಲೊಂದು ಪಾಲು ಮಾತ್ರ ಕೆಳಕ್ಕೆ ದಾಟುತ್ತದೆ. ಆದರೆ 10 ಹರ್ಟ್ಸ್ ಸುತ್ತಿನ ಕಂಪನವು ಅನುರಣನದಿಂದ ಹೆಚ್ಚೇ ಆಗುತ್ತದೆ. ಹೀಗಿರಲು, ಆವೃತ್ತಿಯನ್ನು ಅಳೆಯದೆ ಮಾಡಿದ ಚಿಕಿತ್ಸೆಯು ರೋಗವನ್ನೇ ಉಲ್ಬಣಗೊಳಿಸೀತು. ಸುರಂಗ ಸಿದ್ಧವಾಗಿ ಗಾಡಿಗಳು ಓಡತೊಡಗಿದ ಮೇಲೆ ಹಾಸನ್ನು ಬದಲಿಸುವುದು ಕಷ್ಟಸಾಧ್ಯವೂ ಹೌದು.

ಆದುದರಿಂದ ಎಲ್ಲಕ್ಕಿಂತ ಅಮೂಲ್ಯವಾದುದು ಗಾಡಿ ಓಡುವುದಕ್ಕೆ ಮುಂಚಿನ ಅಳತೆ. ರೈಲಿಲ್ಲದ ರಾತ್ರಿಯಲ್ಲಿ ಆ ಬೀದಿಯ, ಆ ಮನೆಯ ಸಹಜ ಕಂಪನವೆಷ್ಟು, ಗೋಡೆಯಲ್ಲಿ ಆಗಲೇ ಇದ್ದ ಬಿರುಕುಗಳೆಷ್ಟು ಎಂಬುದನ್ನು ಬರೆದಿಟ್ಟಿದ್ದರೆ ಮುಂದೆ ನಿವಾಸಿಗೂ ರೈಲಿನ ಆಡಳಿತಕ್ಕೂ ವಾದ ಬಂದಾಗ ನ್ಯಾಯಕ್ಕೆ ಆಧಾರವಿರುತ್ತದೆ. ಅದನ್ನು ಕೈಬಿಟ್ಟರೆ ಮತ್ತೆ ದೊರಕಿಸಿಕೊಳ್ಳುವಂತಿಲ್ಲ. ಒಮ್ಮೆ ಗಾಡಿಗಳ ಓಡಾಟ ಮೊದಲಾದ ಮೇಲೆ ಹಿಂದಿನ ಮೌನವನ್ನು ಅಳೆಯಬಲ್ಲ ಉಪಕರಣವನ್ನು ಯಾವ ವಿಜ್ಞಾನವೂ ಇನ್ನೂ ನಿರ್ಮಿಸಿಲ್ಲ.