ಕುದುರೆಮುಖ: ಹುಲ್ಲು, ಕಾಡು, ಮೂರು ನದಿ

ಕಾರ್ಕಳದಿಂದ ಮಾಳದ ಘಾಟಿ ಹತ್ತಿದವರಿಗೆ ಎಸ್‌.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ) ದಾಟಿದ ಮೇಲೆ ನೋಟವೇ ಬದಲಾಗುತ್ತದೆ. ಅಲ್ಲಿಯವರೆಗೆ ಬಿಸಿಲು ಕಾಣದ ಕಾಡು. ಆಮೇಲೆ ಕಣ್ಣು ಹಾಯುವಷ್ಟು ದೂರ ಹುಲ್ಲು ಹೊದ್ದ ಬೆಟ್ಟಗಳು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಬ್ಬಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್.

ಈ ದಾರಿಯಲ್ಲಿ ಮೊದಲು ವಾಹನ ನಿಲ್ಲುವುದು ಹನುಮನಗುಂಡಿಯಲ್ಲಿ. ಟಿಕೆಟ್ ಪಡೆದು, ಕಾಡಿನ ನೆರಳಲ್ಲಿ ಮೆಟ್ಟಿಲಿಳಿದರೆ ಕರಿಬಂಡೆಯ ಮೇಲಿಂದ ಹಂತಹಂತವಾಗಿ ಧುಮುಕುವ ನೀರು ಎದುರಾಗುತ್ತದೆ. ಕದಂಬಿ ಜಲಪಾತಕ್ಕೆ ಅಷ್ಟೂ ಶ್ರಮ ಬೇಡ, ಅದು ರಸ್ತೆಯ ಅಂಚಿಗೇ ಇದೆ.

ಪ್ರವಾಸಿಗರು ಹುಲ್ಲುಗುಡ್ಡದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಆದರೆ ಈ ಸೀಮೆಯ ನಿಜವಾದ ಸೋಜಿಗ ಇರುವುದು ಆ ಗುಡ್ಡದಲ್ಲೇ. ಗಾಳಿಗೆ ಒಡ್ಡಿಕೊಂಡ, ಮಣ್ಣು ತೆಳುವಾದ ಇಳಿಜಾರಿನಲ್ಲಿ ಹುಲ್ಲು. ಗಾಳಿ ತಾಗದ, ತೇವ ನಿಲ್ಲುವ ಕಣಿವೆಗಳಲ್ಲಿ ಶೋಲಾ ಕಾಡು. ಎರಡೂ ಸೇರಿ ಮುಂಗಾರಿನ ಮಳೆಯನ್ನು ಸ್ಪಂಜಿನಂತೆ ಹೀರಿಕೊಂಡು, ಮಳೆ ನಿಂತ ತಿಂಗಳುಗಳಲ್ಲಿ ತೊರೆಗಳಿಗೆ ಬಿಟ್ಟುಕೊಡುತ್ತವೆ. ಉದ್ಯಾನದೊಳಗಿನ ಗಂಗಾಮೂಲದ ಬೆಟ್ಟಸಾಲಿನಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲೆರಡು ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ಹರಿದರೆ, ನೇತ್ರಾವತಿ ಮಂಗಳೂರಿನ ಕಡಲು ಸೇರುತ್ತದೆ. ಹುಲ್ಲುಗಾವಲನ್ನು ಬಂಜರು ಎನ್ನುವುದು ಶುದ್ಧ ತಪ್ಪು.

ಕಣಿವೆಯ ಕಾಡು ಸಿಂಗಳೀಕದ ಮನೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಈ ಕರಿಕೋತಿ ನೆಲಕ್ಕಿಳಿಯುವುದೇ ಅಪರೂಪ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇದರ ಸಮೀಕ್ಷೆ ನಡೆಸಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲು ಆ ಅಧ್ಯಯನವೂ ಕಾರಣ.

ಅದೇ ಹೊತ್ತಿಗೆ ಪಕ್ಕದಲ್ಲೇ ಕಬ್ಬಿಣದ ಅದಿರಿನ ಗಣಿಯೂ ನಡೆಯುತ್ತಿತ್ತು. ಅದಿರಿನ ಪುಡಿಯನ್ನು ನೀರಿನೊಂದಿಗೆ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳಿಗೆಂದು ಕಟ್ಟಿದ್ದೇ ಲಕ್ಯಾ ಅಣೆಕಟ್ಟು. ಪರಿಸರ ಹೋರಾಟಗಾರರ ಮೊರೆಗೆ ಸುಪ್ರೀಂ ಕೋರ್ಟ್ 2002ರಲ್ಲಿ ಓಗೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಹೋರಾಟ ಸೋತಿದ್ದರೆ ಈ ಗುಡ್ಡಗಳಲ್ಲಿ ಇನ್ನೆಷ್ಟು ಕರಗಿರುತ್ತಿದ್ದವೋ!

ಕಳಸದ ಕಡೆಯ ಸಂಸೆಯಿಂದ ನೋಡಿದರೆ ಶಿಖರ ಕುದುರೆಯ ಮುಖದಂತೆಯೇ ಕಾಣುತ್ತದೆ. 1,894 ಮೀಟರ್ ಎತ್ತರದ ಈ ತುದಿಗೆ ಮುಳ್ಳೋಡಿಯಿಂದ ಕಾಲುದಾರಿ. ಹೋಗಿಬರಲು ಸುಮಾರು 20 ಕಿ.ಮೀ. ತೊರೆ ದಾಟಿ, ಒಂಟಿಮರ ಹಾದು ಏರಬೇಕು. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತಿದ್ದು ಗೊತ್ತಾಗುವುದು ಕಾಲುಚೀಲ ರಕ್ತದಲ್ಲಿ ನೆನೆದ ಮೇಲೆಯೇ.

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದೂ ಉಂಟು, ವಿಚಾರಿಸಿಕೊಂಡೇ ಹೊರಡಿ. ಪ್ಲಾಸ್ಟಿಕ್ ಒಯ್ಯಬೇಡಿ, ಬೆಂಕಿ ಹಚ್ಚಬೇಡಿ.