ಇಂಗ್ಲಿಷಿನಲ್ಲಿ ಬರುವ ಫ್ರೆಂಚ ನುಡಿಗಳು: ಉಚ್ಚಾರವೂ ಅರ್ಥವೂ

ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುವಾಗ, ಗಂಡನ ಮನೆಯ ಹೆಸರಾದ ಮೇಲೆ ಮೂರಕ್ಷರದ ಒಂದು ಚಿಕ್ಕ ಶಬ್ದವನ್ನಿಟ್ಟು, ಅನಂತರ ಅವರ ಮೊದಲಿನ ಅಡ್ಡಹೆಸರನ್ನು ಬರೆಯುವ ರೂಢಿಯುಂಟು. ಆ ಶಬ್ದವನ್ನು ಇಂಗ್ಲಿಷಿನ ರೀತಿಯಲ್ಲಿ ‘ನೀ’ ಎಂದು ಓದಿದರೆ ಕನ್ನಡಿಗರಿಗೆ ನಗು ಬಂದೀತು. ಅದು ಫ್ರೆಂಚ ಶಬ್ದವು. ಅದರ ಉಚ್ಚಾರ ‘ನೇ’. ಇಂಥ ನುಡಿಗಳು ಪತ್ರಿಕೆಗಳಲ್ಲಿಯೂ ಆಮಂತ್ರಣಗಳಲ್ಲಿಯೂ ಮೇಲಿಂದ ಮೇಲೆ ಬರುತ್ತವೆ. ಕಾಲೇಜಿಗೆ ಹೋದ ನಮ್ಮ ಹುಡುಗಿಯು ಇವುಗಳಲ್ಲೊಂದನ್ನು ತಪ್ಪಾಗಿ ಓದಿ, ನಾಲ್ವರು ನಕ್ಕರೆಂದರೆ, ಮುಂದೆ ಬಾಯಿ ತೆರೆಯಲಿಕ್ಕೇ ಅಂಜುವಳು. ಆ ಅಂಜಿಕೆಯನ್ನು ಕಳೆಯುವದೇ ಈ ಲೇಖನದ ಉದ್ದೇಶವು.

1066ರಲ್ಲಿ ನಾರ್ಮಂಡಿಯ ವಿಲ್ಯಮನು ಇಂಗ್ಲಂಡವನ್ನು ಗೆದ್ದನು. ಅಂದಿನಿಂದ ಬಹುಕಾಲ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ ಭಾಷೆಯೇ ಮೆರೆಯಿತು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಪಾರಸಿಯ ದಫ್ತರ, ದರಬಾರ ಮುಂತಾದ ಮಾತುಗಳು ನಮ್ಮ ಸೀಮೆಯ ಕನ್ನಡದಲ್ಲಿ ಬೇರೂರಿದಂತೆಯೇ ಇದು. ಮೊದಲು ಬಂದ ಶಬ್ದಗಳು ಇಂಗ್ಲಿಷೇ ಆಗಿಹೋದವು. ಹಿಂದಿನಿಂದ ಬಂದವು ಫ್ರೆಂಚ ಉಚ್ಚಾರವನ್ನು ಉಳಿಸಿಕೊಂಡವು. ‘ಹಾಸ್ಟೆಲ್’ ಮತ್ತು ‘ಹೋಟೆಲ್’ ಮೂಲತಃ ಒಂದೇ ಶಬ್ದ. ಮೊದಲನೆಯದು ಹಳೆಯ ರೂಪ. ಫ್ರೆಂಚದಲ್ಲಿ ಸಕಾರವು ಲೋಪವಾದ ಮೇಲೆ ಬಂದದ್ದು ಎರಡನೆಯದು.

ಉಚ್ಚಾರಕ್ಕೆ ಮೂರು ಸೂತ್ರಗಳನ್ನು ನೆನಪಿಡಬೇಕು. ಒಂದು: ಶಬ್ದದ ಕೊನೆಯ ವ್ಯಂಜನವು ಬಹುಶಃ ಮೌನವಾಗಿರುತ್ತದೆ. ಬಸ್ಸಿನ ‘ಡಿಪೋ’ವನ್ನು ಯಾರೂ ‘ಡಿಪೋಟ್’ ಎನ್ನುವದಿಲ್ಲ. ಕೊನೆಗೆ ‘ಟಿ’ ಇದ್ದರೂ ನುಡಿಯುವದಿಲ್ಲ. ಹೂಗುಚ್ಛವಾದ ‘ಬೊಕೆ’, ನೃತ್ಯವಾದ ‘ಬ್ಯಾಲೆ’, ಮದುವೆಯ ‘ಬಫೆ’ ಊಟ ಇವೂ ಹಾಗೆಯೇ.

ಎರಡು: ಇಂಗ್ಲಿಷರು ‘ಚ’ ಎಂದು ಓದುವ ಜೋಡಕ್ಷರವು ಈಗಿನ ಫ್ರೆಂಚದಲ್ಲಿ ‘ಶ’ ಆಗುತ್ತದೆ. ಮೊದಲು ಬಂದದ್ದು ‘ಚೀಫ್’, ಹಿಂದಿನಿಂದ ಬಂದದ್ದು ‘ಶೆಫ್’, ಮೂಲ ಒಂದೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಮರಾಠಿಯನ್ನೂ ಬಲ್ಲವರಿಗೆ ಇದು ಸೋಜಿಗವಲ್ಲ. ಮರಾಠಿಯ ‘ಚಾರ’ದಲ್ಲಿಯ ಚಕಾರವೂ ‘ಚಮಚಾ’ದಲ್ಲಿಯ ಚಕಾರವೂ ಬರೆಯಲು ಒಂದೇ, ನುಡಿಯಲು ಬೇರೆಯಷ್ಟೆ.

ಮೂರು: ಸ್ವರದ ಮುಂದಿನ ನಕಾರವು ಅನೇಕ ಕಡೆಯಲ್ಲಿ ಮೂಗಿನಲ್ಲಿ ಕರಗುತ್ತದೆ. ನಾವು ಒಪ್ಪಿಗೆಗೆ ‘ಹ್ಞೂಂ’ ಎನ್ನುವಾಗಿನ ಧ್ವನಿಯೇ ಅದು. ಪ್ರಯಾಣಕ್ಕೆ ಹೊರಟವರಿಗೆ ಹೇಳುವ ‘ಬೋಂ ವ್ವಾಯಾಜ್’ ಎಂಬಲ್ಲಿ ಅದನ್ನು ಕೇಳಬಹುದು.

ಆದರೆ ಇಂಗ್ಲಿಷಿನಲ್ಲಿ ಮಾತಾಡುವಾಗ ಇಂಗ್ಲಿಷ ಕೋಶವು ಕೊಟ್ಟ ಉಚ್ಚಾರವೇ ಸಾಕು. ಫ್ರೆಂಚರಿಗೆ ‘ಪಾರಿ’ ಆದ ನಗರವು ಇಂಗ್ಲಿಷಿನಲ್ಲಿ ‘ಪ್ಯಾರಿಸ್’ ಆಗಿಯೇ ಇರಲಿ.

ಇನ್ನು ಭಾಷಾಂತರದ ಮಾತು. ಶಬ್ದಕ್ಕೆ ಶಬ್ದವಿಟ್ಟರೆ ಭಾವ ಕೆಡುವದು. ‘ಬೋಂ ವ್ವಾಯಾಜ್’ ಎಂದರೆ ‘ಒಳ್ಳೆಯ ಪ್ರಯಾಣ’; ಆದರೆ ನಮ್ಮ ಹಿರಿಯರು ‘ಸುಖವಾಗಿ ಹೋಗಿ ಬನ್ನಿರಿ’ ಎಂದು ಹರಸುತ್ತಾರೆ, ಮರಳಿ ಬರುವದನ್ನು ಬಿಡುವದಿಲ್ಲ. ಆಮಂತ್ರಣಪತ್ರಿಕೆಯ ‘ಆರ್. ಎಸ್. ವ್ಹಿ. ಪಿ.’ ಎಂಬುದು ‘ರೆಪೋಂದೆ ಸಿಲ್ ವು ಪ್ಲೆ’ ಎಂಬ ವಾಕ್ಯದ ಸಂಕ್ಷೇಪ. ‘ದಯವಿಟ್ಟು ಉತ್ತರ ಕೊಡಿರಿ’ ಎಂದರ್ಥ. ಅದು ಪತ್ರಿಕೆಯ ಅಲಂಕಾರವಲ್ಲ. ಬರುವಿರೋ ಇಲ್ಲವೋ ತಿಳಿಸಿರೆಂಬ ಬಿನ್ನಹ. ‘ದಯವಿಟ್ಟು’ ಎಂಬುದು ಅದರಲ್ಲಿಯೇ ಇರುವದರಿಂದ ಮುಂದೆ ‘ಪ್ಲೀಸ್’ ಸೇರಿಸುವದು ವ್ಯರ್ಥ.

ಮೊದಲು ಹೇಳಿದ ‘ನೇ’ ಶಬ್ದಕ್ಕೆ ‘ಹುಟ್ಟಿದವಳು’ ಎಂದು ಶಬ್ದಾರ್ಥ. ಹಾಗೆಯೇ ಕನ್ನಡದಲ್ಲಿ ಬರೆದರೆ ಓದುಗರು ಬೆಪ್ಪಾಗುವರು. ‘ತವರುಮನೆಯ ಹೆಸರು’ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುವದು. ಹಳೆಯ ಗೆಳತಿಯರು ಒಬ್ಬರನ್ನೊಬ್ಬರು ಗುರುತಿಸುವದು ಆ ಹೆಸರಿನಿಂದಲೇ ಅಲ್ಲವೆ?

ಪಾಲಕರಲ್ಲಿ ಒಂದು ವಿನಂತಿ. ಮಗಳು ಇಂಥ ಶಬ್ದವನ್ನು ತಪ್ಪಾಗಿ ನುಡಿದರೆ ನಗಬೇಡಿರಿ. ಕಿವಿಯಿಂದ ಕೇಳುವ ಮೊದಲೇ ಅದನ್ನು ಪುಸ್ತಕದಲ್ಲಿ ಕಂಡು ಕಲಿತವಳು ಅವಳು. ಉಚ್ಚಾರವನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಒಮ್ಮೆ ಮುಚ್ಚಿಕೊಂಡ ಬಾಯಿಯನ್ನು ತೆರೆಯಿಸುವದು ಕಷ್ಟ.